ಇನ್ನೂರೇ ಪ್ರತಿ ಎಂಬ ಹೆಮ್ಮೆ

ಪುಸ್ತಕ ಸಂಗ್ರಹಿಸುವವರ ನಡುವೆ ಒಂದು ನಂಬಿಕೆ ಯಾರೂ ತಡೆದು ಕೇಳದೆ ನಡೆದುಕೊಂಡು ಬಂದಿದೆ: ಪ್ರತಿಗಳು ಎಷ್ಟು ಕಡಿಮೆಯೋ ಪುಸ್ತಕ ಅಷ್ಟು ದೊಡ್ಡದು. ಕಲಾವಿದರು ತಾವೇ ಅಚ್ಚುಕೂಟ ಹೂಡಿ, ಮೊಳೆ ಜೋಡಿಸಿ, ಕೈಯಚ್ಚಿನಲ್ಲಿ ಒತ್ತಿ ಹೊರತಂದ ಪುಸ್ತಕಗಳ ಮಟ್ಟಿಗೆ ಈ ಮಾತಿನಲ್ಲಿ ಒಂದಿಷ್ಟು ಹುರುಳಿದೆ. ಆದರೆ ಆ ಅಚ್ಚುಕೂಟಗಳ ಬಗ್ಗೆ ಬರೆದ ಪುಸ್ತಕಗಳಿಗೂ ಈಗ ಇದೇ ಅಳತೆಗೋಲು. ಅಚ್ಚುಕೂಟದ ಚರಿತ್ರೆ, ಅದು ಹೊರತಂದ ಪುಸ್ತಕಗಳ ವಿವರಪಟ್ಟಿ, ಅದನ್ನು ನಡೆಸಿದವರ ನೆನಪುಗಳು, ಕಾಗದ ಮತ್ತು ಅಕ್ಷರಗಳ ಮಾದರಿ ಸಂಪುಟ, ಎಲ್ಲವೂ ನೂರೈವತ್ತೋ ಇನ್ನೂರೋ ಪ್ರತಿ. ಕೊನೆಯ ಪುಟದಲ್ಲಿ ಕೈಬರಹದ ಕ್ರಮಸಂಖ್ಯೆ, ಕೆಳಗೊಂದು ಸಹಿ. ಮಾರುವವರು ಮೊದಲು ಹೇಳುವುದೂ ಕೊಳ್ಳುವವರು ಮೊದಲು ಕೇಳುವುದೂ ಆ ಸಂಖ್ಯೆಯನ್ನೇ. ಒಳಗೆ ಏನು ಬರೆದಿದೆ ಅನ್ನುವ ಮಾತು ಆಮೇಲೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಇದನ್ನು ಬರಿಯ ಅಭಿರುಚಿಯ ವಿಷಯವೆಂದು ಬಿಟ್ಟುಬಿಡಲು ನಾನು ತಯಾರಿಲ್ಲ. ಒಂದು ಕಸುಬನ್ನು ಹೇಗೆ ಮಾಡಿದರು ಎಂದು ತಿಳಿಸಲಿಕ್ಕೇ ಹುಟ್ಟಿದ ಪುಸ್ತಕವನ್ನು, ಆ ಕಸುಬು ಕಲಿಯಬೇಕೆನ್ನುವವರ ಕೈಗೆ ಸಿಗದ ಹಾಗೆ ಅಚ್ಚು ಹಾಕುವುದು ತಪ್ಪು. ಅದನ್ನು ಕೊಂಡು, ಬೀರುವಿನಲ್ಲಿಟ್ಟು ಬೀಗ ಹಾಕಿ, ನಾವು ಕಲೆಯನ್ನು ಕಾಪಾಡುತ್ತಿದ್ದೇವೆ ಅಂದುಕೊಳ್ಳುವುದು ಇನ್ನೂ ದೊಡ್ಡ ತಪ್ಪು.

ಮೂಲ ಪುಸ್ತಕಗಳು ಏಕೆ ಕಡಿಮೆ ಇದ್ದವು ಅನ್ನುವುದನ್ನು ಮೊದಲು ನೋಡಬೇಕು. ಇಂಗ್ಲೆಂಡಿನ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ 1891ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ ಕೆಲ್ಮ್‌ಸ್ಕಾಟ್ ಪ್ರೆಸ್ ಶುರುಮಾಡಿದ. ಕಾಗದ ಕೆಂಟ್ ಸೀಮೆಯ ಬ್ಯಾಚೆಲರ್ ಕಾರ್ಖಾನೆಯಲ್ಲಿ ನಾರುಬಟ್ಟೆಯ ಚಿಂದಿಯಿಂದ ಕೈಯಲ್ಲೇ ಮಾಡಿದ್ದು. ಶಾಯಿ ಜರ್ಮನಿಯ ಹ್ಯಾನೋವರ್‌ನಿಂದ ಬರುತ್ತಿತ್ತು. ಅಚ್ಚಿನ ಯಂತ್ರ ಆಲ್ಬಿಯನ್ ಎಂಬ ಕಬ್ಬಿಣದ ಕೈಯಚ್ಚು. ಹಾಳೆಯನ್ನು ಮೊದಲು ತೇವ ಮಾಡಬೇಕು, ಮೊಳೆಗೆ ಶಾಯಿ ಸವರಬೇಕು, ಹಾಳೆ ಹಾಸಬೇಕು, ಹಿಡಿ ಎಳೆಯಬೇಕು, ಬಿಡಿಸಿ ಒಣಹಾಕಬೇಕು. ಮತ್ತೆ ಇನ್ನೊಂದು ಹಾಳೆ. ಚಿತ್ರಕಾರ ಬರ್ನ್-ಜೋನ್ಸ್ ಬರೆದ 87 ಚಿತ್ರಗಳಿರುವ, ಕವಿ ಚಾಸರನ ಕೃತಿಗಳ ಸಂಪುಟದ ಅಚ್ಚು 1894ರ ಆಗಸ್ಟ್ 8ರಂದು ಆರಂಭವಾಗಿ 1896ರ ಮೇ 8ಕ್ಕೆ ಮುಗಿಯಿತು. ಕಾಗದದ ಮೇಲೆ 425 ಪ್ರತಿ, ಚರ್ಮದ ಹಾಳೆಯ ಮೇಲೆ 13. ಐನೂರೈವತ್ತಕ್ಕೂ ಹೆಚ್ಚು ಪುಟದ ಪುಸ್ತಕವನ್ನು ಹೀಗೆ ತೋಳಿನ ಬಲದಿಂದ ಮಾಡುವಾಗ ಎಲ್ಲೋ ಒಂದು ಕಡೆ ನಿಲ್ಲಿಸಲೇಬೇಕು. ಈ ಮಿತಿಯನ್ನು ನಾನು ಗೌರವಿಸುತ್ತೇನೆ.

ಹಾಗಂತ ಆ ಸಂಖ್ಯೆ ಮಾರಿಸನಿಗೆ ಪವಿತ್ರವಾಗಿರಲಿಲ್ಲ. ಅವನ ಮೊದಲ ಪುಸ್ತಕ ಸ್ನೇಹಿತರಿಗೆಂದು ಬರೀ 20 ಪ್ರತಿ ಆಗಬೇಕಿತ್ತು. ಕೇಳುವವರು ಹೆಚ್ಚಿದರು, ಕಾಗದದ ಪ್ರತಿಗಳು 200 ಆದವು. ಚಾಸರ್ ಕೂಡ 325 ಎಂದು ಗೊತ್ತುಮಾಡಿದ್ದು 425ಕ್ಕೆ ಏರಿತು. ಬೇಕೆನ್ನುವವರು ಬಂದಾಗ ಹಿಗ್ಗಿದ ಸಂಖ್ಯೆ ಅದು. ನಮ್ಮ ಸಂಗ್ರಾಹಕರು ಅದನ್ನೇ ಮುಟ್ಟಬಾರದ ಗಡಿಯ ಹಾಗೆ ಪೂಜಿಸುತ್ತಿದ್ದಾರೆ.

ಮರದ ಅಚ್ಚು ಸವೆದುಹೋಗುತ್ತದೆ, ಅದಕ್ಕೇ ಪ್ರತಿ ಕಡಿಮೆ ಎಂದು ಹೇಳುವವರಿದ್ದಾರೆ. ಈ ಮಾತನ್ನು ತಿಳಿದವರ ಬಾಯಿಂದಲೂ ಕೇಳಿದ್ದೇನೆ. ಮರದ ಅಡ್ಡಗೊಯ್ತದ ಮುಖದ ಮೇಲೆ ಉಳಿಯಿಂದ ಕೆತ್ತಿದ ಬಾಕ್ಸ್‌ವುಡ್ ಅಚ್ಚು ಎಷ್ಟು ಗಟ್ಟಿ ಅನ್ನುವುದಕ್ಕೆ ಆ ಕಲೆಯ ಗುರು ಥಾಮಸ್ ಬ್ಯುವಿಕ್ ತನ್ನ ಆತ್ಮಕಥೆಯಲ್ಲೇ ಸಾಕ್ಷಿ ಬಿಟ್ಟುಹೋಗಿದ್ದಾನೆ: ನ್ಯೂಕ್ಯಾಸಲ್‌ನ ಪತ್ರಿಕೆಯೊಂದಕ್ಕೆ ಅವನು ಕೆತ್ತಿಕೊಟ್ಟ ಅಚ್ಚೊಂದು ಒಂಬತ್ತು ಲಕ್ಷಕ್ಕೂ ಮಿಕ್ಕಿ ಪ್ರತಿ ಒತ್ತಿತ್ತು. ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀರಿದ ಡ್ರೈಪಾಯಿಂಟ್ ಬೇಗ ಸವೆಯುತ್ತದೆ, ನಿಜ. ಗೀರಿನ ಪಕ್ಕ ಎದ್ದ ಲೋಹದ ಅಂಚು ಕೆಲವೇ ಒತ್ತಿಗೆ ಮಲಗಿಬಿಡುತ್ತದೆ, ಗೆರೆಯ ಮಖಮಲ್ಲಿನಂಥ ಕಪ್ಪು ಹೋಗುತ್ತದೆ. ಹೀಗೆ ವಸ್ತುವೇ ಸಾಕು ಅನ್ನುವ ಕಡೆ ನಿಲ್ಲಿಸಿದರೆ ಅದು ಕಸುಬಿನ ಮಿತಿ. ಮರದ ಅಚ್ಚಿನ ವಿಷಯದಲ್ಲಿ ಆ ನೆಪ ನಡೆಯುವುದಿಲ್ಲ.

ಇನ್ನು ಅಚ್ಚುಕೂಟಗಳ ಬಗೆಗಿನ ಪುಸ್ತಕಗಳಿಗೆ ಬರೋಣ. ಕೆಲ್ಮ್‌ಸ್ಕಾಟ್ ಮುಚ್ಚುವ ಮುಂಚೆ, 1898ರಲ್ಲಿ, ತನ್ನ ಬಗ್ಗೆ ತಾನೇ ಒಂದು ಪುಟ್ಟ ಪುಸ್ತಕ ಹೊರತಂದಿತು. ತಾನೇಕೆ ಈ ಕೆಲಸಕ್ಕೆ ಕೈಹಾಕಿದೆ ಎಂದು ಮಾರಿಸ್ ಬರೆದ ಟಿಪ್ಪಣಿ. ಜೊತೆಗೆ ಅವನ ಕಾರ್ಯದರ್ಶಿ ಸಿಡ್ನಿ ಕಾಕರೆಲ್ ಬರೆದ ಅಚ್ಚುಕೂಟದ ವೃತ್ತಾಂತ, ಪುಸ್ತಕಗಳ ಪಟ್ಟಿ. ಕಾಗದದ ಮೇಲೆ 525 ಪ್ರತಿ, ಚರ್ಮದ ಮೇಲೆ 12. ಅದರಲ್ಲಿ ಒಂದು ಸಂಗತಿ ಬರುತ್ತದೆ. ಚಾಸರ್ ಅರ್ಧ ದಾರಿಯಲ್ಲಿದ್ದಾಗ, 1895ರಲ್ಲಿ, ಅಚ್ಚಾಗಿ ಮುಗಿದ ಹಾಳೆಗಳ ಮೇಲೆ ಹಳದಿ ಕಲೆ ಏಳತೊಡಗಿತು. ವರ್ಷಗಳ ಕನಸು, ಮೇಲಾಗಿ ಮಾರಿಸನ ಆರೋಗ್ಯ ಕುಸಿಯುತ್ತಿದ್ದ ಕಾಲ. ಕೊನೆಗೆ ಬಿಸಿಲಿಗೆ ಒಡ್ಡಿದರೆ ಕಲೆ ಹೋಗುತ್ತದೆ ಎಂದು ಕಂಡುಕೊಂಡರು, ಹಾಗೇ ಮಾಡಿ ಹಾಳೆಗಳನ್ನು ಉಳಿಸಿಕೊಂಡರು. ಇಂದು ಕೈಯಚ್ಚು ಇಟ್ಟುಕೊಂಡ ಹುಡುಗನೋ ಹುಡುಗಿಯೋ ಇದನ್ನು ಓದಿದರೆ ಸಿಗುವ ಧೈರ್ಯಕ್ಕೆ ಬೆಲೆ ಕಟ್ಟಲಾಗದು. ಆ ಐನೂರು ಚಿಲ್ಲರೆ ಪ್ರತಿಗಳಲ್ಲೇ ಇದು ಉಳಿದುಬಿಟ್ಟಿದ್ದರೆ ನಾನು ಇದನ್ನು ಕನ್ನಡದಲ್ಲಿ ಬರೆಯುತ್ತಲೇ ಇರಲಿಲ್ಲ. ಆ ಬರಹ ಮತ್ತೆ ಮತ್ತೆ ಸಾಧಾರಣ ಕಾಗದದ ಮೇಲೆ ಅಚ್ಚಾಯಿತು, ಅದರಿಂದ ನಮ್ಮವರೆಗೂ ಬಂತು.

ಅಷ್ಟೇ ಅಲ್ಲ. ಕೆಲ್ಮ್‌ಸ್ಕಾಟ್ ಕುರಿತು ಇರುವ ಅತ್ಯುತ್ತಮ ಪುಸ್ತಕ ಯಾವುದು ಎಂದು ಕೇಳಿದರೆ ನಾನು ಹೇಳುವುದು ವಿಲಿಯಂ ಪೀಟರ್ಸನ್ 1991ರಲ್ಲಿ ತಂದ ಚರಿತ್ರೆಯನ್ನು. ವಿಶ್ವವಿದ್ಯಾಲಯಗಳ ಮುದ್ರಣಾಲಯಗಳಿಂದ ಬಂದ, ಯಾರು ಬೇಕಾದರೂ ಕೊಳ್ಳಬಹುದಾದ ಪುಸ್ತಕ. ಇಡೀ ಖಾಸಗಿ ಅಚ್ಚುಕೂಟಗಳ ಲೋಕವನ್ನು ಒಂದೇ ಸಂಪುಟದಲ್ಲಿ ಕಟ್ಟಿಕೊಟ್ಟ ರಾಡೆರಿಕ್ ಕೇವ್ ಅವರ 1971ರ ಪುಸ್ತಕವೂ ಅಂಗಡಿಯಲ್ಲಿ ಮಾರಿದ ಪುಸ್ತಕವೇ. ಯಾವುದಕ್ಕೂ ಸಹಿಯಿಲ್ಲ, ಸಂಖ್ಯೆಯಿಲ್ಲ. ಸಂಗ್ರಾಹಕರ ಕಪಾಟಿನಲ್ಲಿ ಇವಕ್ಕೆ ಕೆಳಗಿನ ಅರೆ. ಮೇಲಿನ ಅರೆಯಲ್ಲಿ ಇವುಗಳಿಂದಲೇ ಎತ್ತಿಕೊಂಡ ವಿಷಯವನ್ನು ಮಂದ ಕಾಗದದ ಮೇಲೆ ಅಂದವಾಗಿ ಅಚ್ಚುಹಾಕಿದ ತೆಳು ಪುಸ್ತಕ ಕೂತಿರುತ್ತದೆ.

ಬೆಂಗಳೂರಿನಲ್ಲಿ ಇಂಥ ಪುಸ್ತಕಗಳನ್ನು ದಶಕಗಳಿಂದ ಕೂಡಿಹಾಕಿದ ಹಿರಿಯರೊಬ್ಬರು ತಮ್ಮ ಬೀರು ತೆರೆದು ತೋರಿಸಿದ್ದರು. ಬಟ್ಟೆ ಹೊದಿಸಿದ ಗೂಡಿನಿಂದ ಪುಸ್ತಕ ಹೊರಗೆ ಎಳೆದರು. ನೇರ ಕೊನೆಯ ಪುಟಕ್ಕೆ ಹೋಗಿ ಸಂಖ್ಯೆ ತೋರಿಸಿದರು. ಅಚ್ಚುಕೂಟ ನಡೆಸಿದ ಕಲಾವಿದೆಯೊಬ್ಬರ ಅನುಭವ ಕಥನ ಅದು. ನಾನು ಮಧ್ಯದ ಪುಟಕ್ಕೆ ತಿರುಗಿಸಿದರೆ ಹಾಳೆಗಳ ಮೇಲಿನ ಮಡಿಕೆ ಬಿಡಿಸಿಯೇ ಇರಲಿಲ್ಲ. ಎರಡು ಹಾಳೆ ಮೇಲುಗಡೆ ಕೂಡಿಕೊಂಡಿದ್ದವು. ಸಂದಿಯಲ್ಲಿ ಬೆರಳಿಟ್ಟು ಅಗಲಿಸಿ, ಕತ್ತು ಓರೆ ಮಾಡಿ ಇಣುಕಿದರೆ ತೇವದ ಕಾಗದದ ಬಗ್ಗೆ ಏನೋ ಬರೆದದ್ದು ಅರ್ಧರ್ಧ ಸಾಲು ಕಾಣಿಸಿತು. "ಸಾರ್, ಒಂದು ಚಾಕು ಹಾಕಿ ಬಿಡಿಸಿ ಓದಬಾರದೇ?" ಎಂದೆ. "ಅಯ್ಯೋ, ಬಿಡಿಸಿದ್ರೆ ಮುಗೀತಲ್ಲ, ಬೆಲೆ ಅರ್ಧಕ್ಕೆ ಬೀಳತ್ತೆ. ಇದು ಓದೋಕಲ್ಲ, ಇಟ್ಕೊಳ್ಳೋಕೆ," ಅಂದರು. ಸಜ್ಜನರು, ಕಾಫಿ ಕೊಟ್ಟು ಪ್ರೀತಿಯಿಂದ ಮಾತಾಡಿದವರು. ಅವರ ಮೇಲೆ ನನಗೆ ಕೋಪವಿಲ್ಲ. ಅವರಿಗೆ ಹಾಗೆ ಕಲಿಸಿದ ರೂಢಿಯ ಮೇಲೆ ಕೋಪವಿದೆ. ಆ ಹೆಂಗಸು ಕೈಗೆ ಶಾಯಿ ಮೆತ್ತಿಕೊಂಡು ಕಲಿತದ್ದನ್ನು ಇನ್ನೊಬ್ಬರಿಗೆ ಹೇಳಲೆಂದು ಬರೆದಳು. ಬರೆದದ್ದು ಮಡಿಕೆಯೊಳಗೇ ಉಳಿಯಿತು.

ಈ ರೂಢಿ ತನ್ನ ಕೊನೆಯ ಮೆಟ್ಟಿಲು ತಲುಪಿದರೆ ಏನಾಗುತ್ತದೆ ಅನ್ನುವುದಕ್ಕೆ ಡವ್ಸ್ ಪ್ರೆಸ್ ಸಾಕ್ಷಿ. 1900ರಲ್ಲಿ ಕಾಬ್ಡೆನ್-ಸ್ಯಾಂಡರ್ಸನ್ ಮತ್ತು ಎಮರಿ ವಾಕರ್ ಸೇರಿ ಅದನ್ನು ಹೂಡಿದರು. ಒಂದೇ ಅಳತೆಯ ಒಂದೇ ಅಕ್ಷರಮಾಲೆ, ಚಿತ್ರವಿಲ್ಲ, ಅಲಂಕಾರವಿಲ್ಲ; ಐದು ಸಂಪುಟದ ಅವರ ಬೈಬಲ್ ಮುದ್ರಣಕಲೆಯ ಶಿಖರಗಳಲ್ಲೊಂದು. ಪಾಲುದಾರರು ಮನಸ್ತಾಪದಿಂದ ಬೇರೆಯಾದರು. ಕಾಬ್ಡೆನ್-ಸ್ಯಾಂಡರ್ಸನ್ ಸತ್ತ ಮೇಲೆ ಅಕ್ಷರಗಳು ವಾಕರ್‌ಗೆ ಸೇರಬೇಕು ಎಂದು ಒಪ್ಪಂದವಾಯಿತು. ಆದರೆ ಆ ಮುದುಕ, ಎಪ್ಪತ್ತೈದು ದಾಟಿದವನು, 1916ರಿಂದ 1917ರ ಆರಂಭದವರೆಗೆ ರಾತ್ರಿಯ ಕತ್ತಲಲ್ಲಿ ಮೊಳೆಗಳನ್ನು ಕಂತುಕಂತಾಗಿ ಹೊತ್ತು ಹ್ಯಾಮರ್‌ಸ್ಮಿತ್ ಸೇತುವೆಯಿಂದ ಥೇಮ್ಸ್ ನದಿಗೆ ಸುರಿದ. ಒಂದು ಟನ್ನಿಗೂ ಮಿಕ್ಕಿದ ಲೋಹ. ವೇಲ್ ಪ್ರೆಸ್ಸಿನ ಚಾರ್ಲ್ಸ್ ರಿಕೆಟ್ಸ್ ಅದಕ್ಕೂ ಮೊದಲೇ, 1904ರಲ್ಲಿ, ತನ್ನ ಪುಸ್ತಕಗಳ ವಿವರಪಟ್ಟಿ ಅಚ್ಚುಹಾಕಿ ಮುಗಿಸಿ, ಅಕ್ಷರ ಎರೆಯುವ ಅಚ್ಚುಗಳನ್ನು ಅದೇ ನದಿಗೆ ಎಸೆದಿದ್ದ. ಮಾರಿಸನ ಆಪ್ತರೂ ಈ ದೋಷದಿಂದ ಪೂರ್ತಿ ದೂರವಿರಲಿಲ್ಲ. ಕೆಲ್ಮ್‌ಸ್ಕಾಟ್‌ನ ಮರದ ಅಚ್ಚುಗಳನ್ನು ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟರು. ನೂರು ವರ್ಷ ಅವುಗಳಿಂದ ಏನನ್ನೂ ಒತ್ತಬಾರದು ಎಂಬ ಷರತ್ತು ಹಾಕಿ ಕೊಟ್ಟರು.

ಥೇಮ್ಸ್ ಕಥೆಯನ್ನು ಸಂಗ್ರಾಹಕರು ಕಣ್ಣರಳಿಸಿ ಹೇಳುತ್ತಾರೆ. ತನ್ನ ಕಲೆ ಕೆಟ್ಟ ಕೈಗೆ ಸಿಗದಿರಲಿ ಎಂದು ಮಾಡಿದ ತ್ಯಾಗವಂತೆ. ನನಗೆ ಅದರಲ್ಲಿ ತ್ಯಾಗ ಕಾಣುವುದಿಲ್ಲ. ಡವ್ಸ್ ಅಕ್ಷರಗಳನ್ನು ಉಕ್ಕಿನಲ್ಲಿ ಕೆತ್ತಿದವನು ಎಡ್ವರ್ಡ್ ಪ್ರಿನ್ಸ್ ಎಂಬ ಕಸುಬುದಾರ. ಕೆಲ್ಮ್‌ಸ್ಕಾಟ್, ಡವ್ಸ್, ಆಶೆಂಡೀನ್ ಈ ಮೂರೂ ಅಚ್ಚುಕೂಟಗಳಿಗೆ ಅಕ್ಷರ ಕೆತ್ತಿಕೊಟ್ಟವನು ಅವನೇ. ಅವನ ಕೈಕೆಲಸವನ್ನು ಇನ್ನೊಬ್ಬ ನೀರಿಗೆ ಸುರಿದ. ಬಳಸಿದವರ ಹಕ್ಕು, ಪಾಲುದಾರನ ಹಕ್ಕು, ಮುಂದೆ ಬರುವವರ ಹಕ್ಕು, ಎಲ್ಲವನ್ನೂ ಒಬ್ಬನ ಹಮ್ಮು ಮುಳುಗಿಸಿತು. ನಮ್ಮ ಕಾಲದಲ್ಲಿ ರಾಬರ್ಟ್ ಗ್ರೀನ್ ಎಂಬ ವಿನ್ಯಾಸಕಾರ ಆ ಅಕ್ಷರಮಾಲೆಯನ್ನು ಮರಳಿ ಕಟ್ಟಿದ. 2014ರಲ್ಲಿ ಮುಳುಗುಗಾರರ ನೆರವಿನಿಂದ ನದಿಯ ತಳದಿಂದ 150 ಮೊಳೆ ಎತ್ತಿಸಿದ. ಆದರೆ ಅದಕ್ಕೆ ಮೊದಲೇ ಅವನು ವರ್ಷಗಟ್ಟಲೆ ಆ ಅಕ್ಷರಗಳನ್ನು ಮತ್ತೆ ಬರೆದದ್ದು ಅಚ್ಚಾದ ಹಾಳೆಗಳನ್ನು ನೋಡಿ. ತೆರೆದು ನೋಡಲು ಸಿಕ್ಕ ಹಾಳೆಗಳು ಇದ್ದುದರಿಂದ ಡವ್ಸ್ ಅಕ್ಷರ ಇಂದು ಬಳಕೆಯಲ್ಲಿದೆ.

ಸೀಮಿತ ಪ್ರತಿಯ ಪರವಾಗಿ ಹೇಳುವ ವಾದಗಳಲ್ಲಿ ಒಂದಕ್ಕೆ ತೂಕವಿದೆ. ಇಂಥ ಪುಸ್ತಕಗಳಲ್ಲಿ ನಿಜವಾದ ಕಾಗದದ ಮಾದರಿ, ಮೂಲ ಅಚ್ಚಿನಿಂದ ತೆಗೆದ ಚಿತ್ರ ಅಂಟಿಸಿರುತ್ತಾರೆ. ಜಾನ್ ಮತ್ತು ರೋಸಲಿಂಡ್ ರ‍್ಯಾಂಡಲ್ ದಂಪತಿಯ ವಿಟಿಂಗ್ಟನ್ ಪ್ರೆಸ್ 1981ರಿಂದ ಹೊರಡಿಸಿದ 'ಮ್ಯಾಟ್ರಿಕ್ಸ್' ಪತ್ರಿಕೆಯ ಸೊಗಸೇ ಆ ಅಂಟಿಸಿದ ಮಾದರಿಗಳದು. ಮಾದರಿ ಇದ್ದಷ್ಟೇ ಪ್ರತಿ ಆಗಬೇಕು, ಒಪ್ಪಿದೆ. ಒಂದು ಹಾಳೆಯನ್ನು ಕಿಟಕಿಯ ಓರೆ ಬೆಳಕಿಗೆ ಹಿಡಿದಾಗ ಅಕ್ಷರ ಕಾಗದದೊಳಗೆ ಇಳಿದ ಕುಳಿ ನೆರಳಾಗಿ ಕಾಣುತ್ತದೆ. ಹಿಂದೆ ತಿರುಗಿಸಿ ಬೆರಳಾಡಿಸಿದರೆ ಒತ್ತು ಹದವೋ ಜಾಸ್ತಿಯೋ ತಿಳಿಯುತ್ತದೆ. ಯಾವ ಫೋಟೋ ಇದನ್ನು ಕೊಡಲಾರದು.

ಆದರೆ ಮಾದರಿಗೆ ಮಿತಿ ಇದ್ದಮಾತ್ರಕ್ಕೆ ಮಾತಿಗೂ ಮಿತಿ ಏಕೆ? ಇದಕ್ಕೆ ಡಾರ್ಡ್ ಹಂಟರ್ ಬದುಕೇ ಉತ್ತರ. ಅಮೆರಿಕದ ಓಹಾಯೋದ ಚಿಲಿಕಾಥಿಯಲ್ಲಿ ಮೌಂಟನ್ ಹೌಸ್ ಪ್ರೆಸ್ ಎಂಬ ಸ್ವಂತ ಅಚ್ಚುಕೂಟ ನಡೆಸಿದ ಈತ ಕಾಗದ ಮಾಡುವ ಕಸುಬನ್ನು ಹುಡುಕಿಕೊಂಡು ಏಷ್ಯಾ ಸುತ್ತಿದ. ಹಳೆಯ ಕಾಗದಗಾರಿಕೆಯ ಬಗ್ಗೆ 1923ರಲ್ಲಿ ತಂದ ಪುಸ್ತಕ 200 ಪ್ರತಿ. ಚೀನಾ-ಜಪಾನಿನ ಬಗ್ಗೆ 1932ರಲ್ಲಿ 200. ಸಯಾಮಿನ ಬಗ್ಗೆ 115. ಭಾರತದ ಕೈಕಾಗದದ ಬಗೆಗಿನ ಸಂಪುಟ 1939ರಲ್ಲಿ ನ್ಯೂಯಾರ್ಕ್‌ನಲ್ಲಿ ಅಚ್ಚಾಯಿತು, 370 ಪ್ರತಿ, ಒಳಗೆ ನಮ್ಮ ಕಾಗದಗಾರರಾದ ಕಾಗಜಿಗಳು ಮಾಡಿದ ಹಾಳೆಗಳ ನಿಜ ಮಾದರಿ. ಇಷ್ಟಕ್ಕೇ ನಿಂತಿದ್ದರೆ ಹಂಟರ್ ಸಂಗ್ರಾಹಕರ ಸ್ವತ್ತಾಗಿಬಿಡುತ್ತಿದ್ದ. ಅವನು ನಿಲ್ಲಲಿಲ್ಲ. ತಾನು ಕಂಡದ್ದನ್ನೆಲ್ಲ ಒಟ್ಟು ಹಾಕಿ 1943ರಲ್ಲಿ ಕ್ನಾಫ್ ಸಂಸ್ಥೆಯಿಂದ ಎಲ್ಲರಿಗೂ ಸಿಗುವ ಪುಸ್ತಕವಾಗಿ ತಂದ, 1947ರಲ್ಲಿ ಅದನ್ನು ಹಿಗ್ಗಿಸಿದ. ಮುಂದೆ ಡೋವರ್ ಸಂಸ್ಥೆ ಅದನ್ನು ಅಗ್ಗದ ಬೆಲೆಗೆ ಮತ್ತೆ ಅಚ್ಚುಹಾಕಿತು. ಕಾಗದಗಾರಿಕೆ ಕಲಿಯಹೊರಟವರ ಮೇಜಿನ ಮೇಲೆ ನೀರಿನ ಕಲೆ ಬಿದ್ದು, ಪುಟ ಉಬ್ಬಿ, ಬೆನ್ನು ಬಿಟ್ಟುಕೊಂಡು ಇರುವುದು ಆ ಡೋವರ್ ಪ್ರತಿ. ಇನ್ನೂರು ಪ್ರತಿಯ ಸಂಪುಟಗಳು ಹಂಟರನ ಕೈಚಳಕಕ್ಕೆ ಸಾಕ್ಷಿ. ಅವನ ವಿದ್ಯೆ ಉಳಿದದ್ದು ಸಾಧಾರಣ ಆವೃತ್ತಿಯಿಂದ.

ನಮಗೆ ಹತ್ತಿರದ ಕಲಾ ಇತಿಹಾಸಕಾರ ಆನಂದ ಕುಮಾರಸ್ವಾಮಿಯವರದೂ ಇಂಥದೇ ಕಥೆ. ಸಿಂಹಳದ ಕುಶಲಕರ್ಮಿಗಳ ಬಗ್ಗೆ ಅವರು ಬರೆದ ಮಹಾಗ್ರಂಥ 1908ರಲ್ಲಿ ಇಂಗ್ಲೆಂಡಿನಲ್ಲಿ, ಮಾರಿಸನ ಚಾಸರ್ ಅಚ್ಚಾದ ಅದೇ ಕೈಯಚ್ಚಿನಲ್ಲಿ, 425 ಪ್ರತಿ ಅಚ್ಚಾಯಿತು. ಮರು ಅಚ್ಚಿಗೆ 1956ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಅವರು ತೀರಿಕೊಂಡು ಒಂಬತ್ತು ವರ್ಷ ಕಳೆದಿತ್ತು.

ಖರ್ಚಿನ ಮಾತು ಎತ್ತುವವರಿಗೆ ಗೋಲ್ಡನ್ ಕಾಕರೆಲ್ ಪ್ರೆಸ್ ದಾರಿ ತೋರಿಸಿದೆ. ತನ್ನ ಪುಸ್ತಕಗಳ ವಿವರಪಟ್ಟಿಯನ್ನು ಅದು 1936, 1943, 1950ರಲ್ಲಿ ಮೂರು ಸಂಪುಟವಾಗಿ ತಂದಾಗ ಕೆಲವು ನೂರು ವಿಶೇಷ ಪ್ರತಿಗಳ ಜೊತೆಗೇ ಸಾಧಾರಣ ಪ್ರತಿಗಳನ್ನೂ ಮಾರಿತು. ಚರ್ಮದ ಬೈಂಡು, ಸಹಿ ಬೇಕಾದವರು ಹೆಚ್ಚು ಕೊಟ್ಟು ಕೊಳ್ಳಲಿ, ಆ ಹಣ ಉಳಿದವರ ಪ್ರತಿಗೆ ಆಸರೆಯಾಗಲಿ. ಇದರ ಎದುರು ಆಶೆಂಡೀನ್‌ನ ಹಾರ್ನ್‌ಬಿಯನ್ನು ಇಟ್ಟು ನೋಡಿ. ರೈಲು ನಿಲ್ದಾಣಗಳಲ್ಲಿ ಪುಸ್ತಕದಂಗಡಿ ಇಟ್ಟು ಹೆಸರಾದ ಡಬ್ಲ್ಯು. ಎಚ್. ಸ್ಮಿತ್ ಸಂಸ್ಥೆಯ ಪಾಲುದಾರ ಈತ. ತನ್ನ ನಲವತ್ತು ವರ್ಷದ ಅಚ್ಚುಕೂಟದ ವೃತ್ತಾಂತವನ್ನು 1935ರಲ್ಲಿ ತಂದದ್ದು 390 ಪ್ರತಿ. ಅವನಿಗೆ ಹಣದ ಅಡಚಣೆಯಾಗಲಿ ಮಾರುವ ಜಾಗದ ಅಡಚಣೆಯಾಗಲಿ ಇರಲಿಲ್ಲ.

ಮತ್ತೆ ಅಚ್ಚು ಹಾಕಿದರೆ ಮೂಲದ ಬೆಲೆ ಇಳಿಯುತ್ತದೆ ಅನ್ನುವ ಭಯವೂ ಹುಸಿ. ಕೆಲ್ಮ್‌ಸ್ಕಾಟ್ ಚಾಸರ್‌ನ ಸಾಧಾರಣ ಬೆಲೆಯ ಪಡಿಯಚ್ಚು ಅಮೆರಿಕದಲ್ಲಿ 1958ರಲ್ಲೇ ಬಂತು. ಆಮೇಲೂ ಬಗೆಬಗೆಯವು ಬಂದಿವೆ. ಮೂಲ ಪ್ರತಿ ಇಂದಿಗೂ ಶ್ರೀಮಂತರಿಗೇ ಎಟುಕುವುದು.

ಸಂಖ್ಯೆಯ ಮೋಹ ಇನ್ನೊಂದನ್ನೂ ನುಂಗುತ್ತದೆ: ಕೈಗಳ ಹೆಸರನ್ನು. ಕೊನೆಯ ಪುಟಕ್ಕೆ ಹೋಗಿ 'ಹದಿನೇಳನೆಯ ಪ್ರತಿ' ಎಂದು ಓದಿದವರು ಅದರ ಮೇಲಿನ ಎರಡು ಸಾಲು ಓದುವುದಿಲ್ಲ. ಕೆಲ್ಮ್‌ಸ್ಕಾಟ್‌ನಲ್ಲಿ ಮೊಳೆ ಜೋಡಿಸಿದ ಜೇನ್ ಪೈನ್, ಲಂಡನ್ ಕಂಪೋಸಿಟರುಗಳ ಸಂಘ 1892ರಲ್ಲಿ ಸೇರಿಸಿಕೊಂಡ ಮೊದಲ ಹೆಂಗಸು. ಡಬ್ಲಿನ್ ಬಳಿ ಕವಿ ಯೇಟ್ಸನ ತಂಗಿ ಎಲಿಜಬೆತ್ ನಡೆಸಿದ ಕ್ವಾಲಾ ಪ್ರೆಸ್‌ನಲ್ಲಿ ಐರಿಷ್ ಹುಡುಗಿಯರು ಕಸುಬು ಕಲಿತು ಅಚ್ಚು ಹಾಕಿದರು. ಟಾಗೋರರ 'ದಿ ಪೋಸ್ಟ್ ಆಫೀಸ್' 1914ರಲ್ಲಿ ಅಲ್ಲಿಂದಲೇ ಬಂತು. ಇವರ ಸುದ್ದಿ ಸಿಗುವುದು ಅಚ್ಚುಕೂಟಗಳ ಬಗೆಗಿನ ಪುಸ್ತಕಗಳಲ್ಲಿ. ಮೂಲ ಪುಸ್ತಕದಲ್ಲಿ ಮಾರಿಸ್ ಇದ್ದಾನೆ, ಬರ್ನ್-ಜೋನ್ಸ್ ಇದ್ದಾನೆ; ಜೇನ್ ಪೈನ್ ಇಲ್ಲ.

ಕೈಯಿಂದ ಮಾಡಿದ್ದು ಅಂದರೆ ವಿರಳವಾಗಿಯೇ ಇರಬೇಕು ಅನ್ನುವವರು ಚೆನ್ನೈಗೆ ಹೋಗಿಬರಲಿ. ತಾರಾ ಬುಕ್ಸ್ 2006ರಲ್ಲಿ ತಂದ 'ದಿ ನೈಟ್ ಲೈಫ್ ಆಫ್ ಟ್ರೀಸ್' ಪುಸ್ತಕಕ್ಕೆ ಗೊಂಡ ಕಲಾವಿದರಾದ ಭಜ್ಜು ಶ್ಯಾಮ್, ದುರ್ಗಾ ಬಾಯಿ, ರಾಮ್ ಸಿಂಗ್ ಉರ್ವೇತಿ ಚಿತ್ರ ಬರೆದರು. ಕರಿಯ ಕೈಕಾಗದ, ಬಣ್ಣಬಣ್ಣಕ್ಕೆ ಬೇರೆ ಬೇರೆ ರೇಷ್ಮೆ ಪರದೆಯ ಅಚ್ಚು, ಕೈಹೊಲಿಗೆ, ಪ್ರತಿಯೊಂದು ಪ್ರತಿಗೂ ಸಂಖ್ಯೆ. ಪ್ರತಿಗಳು ಮುಗಿದ ಹಾಗೆಲ್ಲ ಅದೇ ಕೆಲಸಗಾರರು ಮತ್ತೆ ಕೂತು ಇನ್ನೊಂದು ಆವೃತ್ತಿ ಮಾಡುತ್ತಾರೆ. ಆ ಸಂಖ್ಯೆ ಯಾರ ಮುಖಕ್ಕೂ ಬಾಗಿಲು ಹಾಕುವುದಿಲ್ಲ. ಮತ್ತೊಂದು ಪ್ರತಿ ಎಂದರೆ ಆ ಕೈಗಳಿಗೆ ಮತ್ತೊಂದು ದಿನದ ಕೂಲಿ.

ನಾನೂ ಇಂಥ ಪುಸ್ತಕ ಕೊಳ್ಳುವವನೇ, ಕೊಳ್ಳಬೇಡಿ ಎಂದು ಯಾರಿಗೂ ಹೇಳುತ್ತಿಲ್ಲ. ಕೊಂಡವರು ಮಡಿಕೆ ಬಿಡಿಸಿ ಓದಲಿ. ವಿಶೇಷ ಪ್ರತಿಗೆ ಹಣ ಕಟ್ಟುವ ಮೊದಲು, ಇದರ ಸಾಧಾರಣ ಆವೃತ್ತಿ ಯಾವಾಗ ಬರುತ್ತದೆ ಎಂದು ಪ್ರಕಾಶಕರನ್ನು ಕೇಳಲಿ, ಬರುವುದಿಲ್ಲ ಅಂದರೆ ಹಣ ಕೊಡದಿರಲಿ. ಕನ್ನಡದವರಿಗೆ ಇದು ದೂರದ ಊರಿನ ವ್ಯಾಜ್ಯವಲ್ಲ. ನಮ್ಮ ಊರೂರಿನ ಟ್ರೆಡಲ್ ಪ್ರೆಸ್ಸುಗಳ ಮೊಳೆ ಸೀಸದ ತೂಕಕ್ಕೆ ಗುಜರಿಗೆ ಹೋದವು, ಜೋಡಿಸಿದವರಿಗೆ ಈಗ ವಯಸ್ಸಾಗಿದೆ. ಅವರಲ್ಲಿಗೆ ಹೋಗಿ, ಒತ್ತಕ್ಷರದ ಮೊಳೆ ಕೇಸಿನ ಯಾವ ಖಾನೆಯಲ್ಲಿರುತ್ತಿತ್ತು, ದೀರ್ಘದ ಕೊಂಬು ಮುರಿದರೆ ಏನು ಮಾಡುತ್ತಿದ್ದರು, ಒಂದು ಫಾರಂಗೆ ಎಷ್ಟು ಕೂಲಿ, ಸೀಸದ ಧೂಳಿಗೆ ಯಾರ ಮೈ ಹೇಗೆ ಕೆಟ್ಟಿತು ಎಂದು ಕೇಳಿ ಬರೆಯುವ ಕೆಲಸ ಇನ್ನೂ ಬಾಕಿ ಇದೆ. ಅದನ್ನು ಮಾಡುವವರು ಕೈಕಾಗದದ ಮೇಲೆ ನೂರು ಪ್ರತಿ ಅಚ್ಚುಹಾಕಿ ಸಹಿ ಮಾಡಬೇಕೆಂದಿದ್ದರೆ ಮಾಡಲಿ, ನಾನೇ ಒಂದು ಕೊಳ್ಳುತ್ತೇನೆ. ಅದೇ ತಿಂಗಳು ಆ ಕಂಪೋಸಿಟರನ ಮೊಮ್ಮಗಳು ತನ್ನ ಊರಿನ ಗ್ರಂಥಾಲಯದಲ್ಲಿ ಕೇಳಿದರೆ ಸಿಗುವ ಹಾಗೆ, ಸಾಧಾರಣ ಕಾಗದದ ಮೇಲೆ, ಸಾಧಾರಣ ಬೆಲೆಗೆ, ಅದೇ ಪುಸ್ತಕ ಸಾವಿರಗಟ್ಟಲೆ ಬರಬೇಕು.